ಮನೆಯಲ್ಲಿ ನ್ಯಾರೋ ಗೇಜ್ ಮಾದರಿ ರೈಲು: ಎಚ್‌ಓಇ ಲೇಸೋ, ಓಎನ್30 ಲೇಸೋ?

ರೈಲು ಮಾರ್ಗವೇ ಇಲ್ಲದ ಕೊಡಗಿನಲ್ಲಿ ನ್ಯಾರೋ ಗೇಜ್, ಅಂದರೆ ಕಿರಿದಾದ ಹಳಿಯ, ಬೆಟ್ಟದ ರೈಲಿನ ಮಾದರಿ ಕಟ್ಟಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಅಳತೆಯನ್ನು. ಅಂಥ ಎರಡು ಅಳತೆಗಳಲ್ಲಿ ಎಚ್‌ಓಇ 1:87ರ (ಅಸಲಿನ 87ರಲ್ಲಿ ಒಂದು ಪಾಲು) ಪ್ರಮಾಣದ್ದು, ಅದರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 9 ಮಿ.ಮೀ.; ಓಎನ್30 1:48ರದ್ದು, ಗೇಜ್ 16.5 ಮಿ.ಮೀ. ಕಲ್ಕಾ–ಶಿಮ್ಲಾ ಮಾರ್ಗದ 762 ಮಿ.ಮೀ. ಗೇಜಿಗೆ, ಅಸಲಿನ ಗಾತ್ರಕ್ಕೆ ಹಿಗ್ಗಿಸಿ ನೋಡಿದರೆ, ಎರಡೂ ಹತ್ತಿರವೇ.

ಜಾಗ ಕಡಿಮೆಯಿದ್ದರೆ ಎಚ್‌ಓಇ ಸರಿ. ಚಿಕ್ಕ ಎಂಜಿನ್‌ಗಳು 9 ಇಂಚು ತ್ರಿಜ್ಯದ ತಿರುವಿನಲ್ಲೂ ಓಡುವುದರಿಂದ ಎರಡಡಿಗಿಂತ ತುಸು ಅಗಲದ ಹಲಗೆ ಸಾಕು. ಓಎನ್30ಕ್ಕೆ 18 ಇಂಚಿನ ತಿರುವು ಹಿಡಿದರೆ ನಾಲ್ಕಡಿ ಅಗಲ ಬೇಕಾಗುತ್ತದೆ.

ಆದರೆ ತೋಟದ ನೋಟವನ್ನೇ ಮನಸ್ಸಿನಲ್ಲಿಟ್ಟುಕೊಂಡವರು ಇನ್ನೂ ಯೋಚಿಸಬೇಕು. 25 ಮೀಟರ್ ಎತ್ತರದ ಸಿಲ್ವರ್ ಓಕ್ ಮರವು ಎಚ್‌ಓಇಯಲ್ಲಿ 29 ಸೆಂ.ಮೀ. ಆದರೆ, ಓಎನ್30ರಲ್ಲಿ 52 ಸೆಂ.ಮೀ. ಆಗುತ್ತದೆ. ಇನ್ನು ಕಣದಲ್ಲಿ ಕಾಫಿ ಹರಡುವ ಆಳಿನ ಗೊಂಬೆ ಎಚ್‌ಓಇಯಲ್ಲಿ ಎರಡು ಸೆಂ.ಮೀ.ಗೂ ಕಡಿಮೆಯಾದರೆ, ಓಎನ್30ರಲ್ಲಿ ಮೂರೂವರೆ ಸೆಂ.ಮೀ. ಇದ್ದು, ಕೈಯಲ್ಲಿರುವ ಕುಂಟೆಯೂ ಕಾಣುತ್ತದೆ.

ಮಳೆಗಾಲದ ತೇವವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನನ್ನ ಒಲವು ಓಎನ್30ರ ಕಡೆಗೆ: ಹಗುರವಾದ ಪುಟ್ಟ ಎಂಜಿನ್ ಹಳಿಯ ಮೇಲಿನ ಸಣ್ಣ ಕೊಳೆಗೂ ವಿದ್ಯುತ್ ಸಿಗದೆ ನಿಲ್ಲುತ್ತದೆ, ಭಾರದ್ದು ಬಹುಮಟ್ಟಿಗೆ ದಾಟಿಹೋಗುತ್ತದೆ. ಯಾವುದನ್ನೇ ಆರಿಸಿದರೂ ಹಿತ್ತಾಳೆಯ ಹಳಿ ಬೇಡ, ನಿಕಲ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ಇರಲಿ. ಪ್ಲೈವುಡ್‌ನ ಎರಡೂ ಮುಖಗಳಿಗೆ, ಅಂಚುಗಳಿಗೂ, ಹಳಿ ಕೂರಿಸುವ ಮೊದಲೇ ಬಣ್ಣ ಬಳಿಯಿರಿ.