ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವವರು ಮುಂಗಡ ಕೊಡುವ ಮುನ್ನ ಓದಿ

ಕಳೆದ ತಿಂಗಳು ನನಗೆ ಗದಗಿನಿಂದ ಹುಬ್ಬಳ್ಳಿಗೆ ವರ್ಗವಾಯಿತು. ಗೋಕುಲ ರಸ್ತೆಯ ಕಡೆ ಎರಡು ಕೋಣೆಯ ಮನೆ ಸಿಕ್ಕಿತು. ಬಾಡಿಗೆ 8,500, ಡಿಪಾಸಿಟ್ 50,000. ನೋಡಿದ ಮನೆಗಳಲ್ಲಿ ನನ್ನ ಸಂಬಳಕ್ಕೆ ಹೊಂದುವುದು ಅದೊಂದೇ. ಬೇರೆಯವರೂ ನೋಡಿ ಹೋಗಿದ್ದಾರೆ ಎಂದು ದಲ್ಲಾಳಿ ಅವಸರ ಮಾಡಿದ. ಅವನ ಫೋನಿಗೇ 10,000 ಮುಂಗಡ ಹಾಕಿದೆ. ರಸೀದಿ ಕೇಳಲಿಲ್ಲ. ಈ ತಪ್ಪನ್ನು ನೀವು ಮಾಡಬೇಡಿ.

ಭಾನುವಾರ ಬೆಳಿಗ್ಗೆ ಮಾಲೀಕರು ಕೀಲಿಕೈಯನ್ನು ಅಮ್ಮನ ಅಂಗೈಯಲ್ಲಿಟ್ಟು, ‘ಕಸ ಹೊಡೆದುಕೊಳ್ಳಿ ತಾಯಿ, ನಾಳೆ ಹಾಲು ಉಕ್ಕಿಸಿದರಾಯಿತು’ ಎಂದರು. ಅಮ್ಮ ಹೊಸ ಕಸಬರಿಗೆ ತಂದು ಮಧ್ಯಾಹ್ನದವರೆಗೆ ಗುಡಿಸಿ ತೊಳೆದಳು. ನಾನು ಕರಾರುಪತ್ರಕ್ಕೆಂದು ಆಧಾರ್ ಪ್ರತಿ ಕೊಟ್ಟೆ. ಮಾಲೀಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಅಡ್ಡಹೆಸರು ಇಲ್ಲವಲ್ಲ, ನೀವು ಯಾವ ಪೈಕಿ?’ ಎಂದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಒಳಗೆ ಹೋದವರು ಐದು ನಿಮಿಷಕ್ಕೆ ಹೊರಬಂದರು. ಅಳಿಯ ಇದೇ ವಾರ ಬಂದು ಇರುತ್ತಾನಂತೆ, ಮನೆ ಕೊಡಲಾಗುವುದಿಲ್ಲವಂತೆ. ಅಮ್ಮ ಕೀಲಿಕೈ ಕೊಡಲು ಕೈಚಾಚಿದಳು. ‘ಕಟ್ಟೆಯ ಮೇಲಿಡಿ’ ಎಂದರು. ಬೆಳಿಗ್ಗೆ ತಾವೇ ಮುಟ್ಟಿದ ಕೈ ಅದು! ಅಮ್ಮ ಇಟ್ಟಳು. ಮನೆಗೆ ಬರುವವರೆಗೆ ಒಂದು ಮಾತನ್ನೂ ಆಡಲಿಲ್ಲ.

ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ್ದ ಅಂಬೇಡ್ಕರರನ್ನು 1917ರಲ್ಲಿ ಅಲ್ಲಿನ ಪಾರ್ಸಿ ವಸತಿಗೃಹದಿಂದ ಕೋಲು ಹಿಡಿದು ಬಂದವರು ಹೊರಹಾಕಿದರು. ಇಡೀ ಊರಿನಲ್ಲಿ ಅವರಿಗೊಂದು ಕೋಣೆ ಸಿಗಲಿಲ್ಲ. ಶಾಲೆಯಲ್ಲಿ ಇದನ್ನು ಕೇಳಿದಾಗ ಮುಗಿದುಹೋದ ಕಾಲದ ಮಾತು ಎಂದುಕೊಂಡಿದ್ದೆ.

ದಲ್ಲಾಳಿ ‘ಓಡಾಟದ ಖರ್ಚು’ ಎಂದು 4,000 ಮುರಿದುಕೊಂಡು ಉಳಿದದ್ದನ್ನು ಕೊಟ್ಟ. ಈಗ ಊರಾಚೆ 11,000 ಬಾಡಿಗೆಗೆ ಇದ್ದೇವೆ. ತಿಂಗಳಿಗೆ 2,500 ಹೆಚ್ಚು, ಜೊತೆಗೆ ಬಸ್ಸಿನ ಖರ್ಚು. ಜಾತಿಗೆ ತೆರುವ ದಂಡವಲ್ಲದೆ ಇದು ಮತ್ತೇನು? ನಮ್ಮ ಕಚೇರಿಯ ಮುಸ್ಲಿಂ ಗೆಳೆಯ ನವನಗರದಲ್ಲಿ ಮನೆ ಕೇಳಿದಾಗ ಮಾತು ಕೀಲಿಕೈವರೆಗೂ ಬರಲಿಲ್ಲ. ಫೋನಿನಲ್ಲಿ ಹೆಸರು ಹೇಳುತ್ತಿದ್ದಂತೆಯೇ ಖಾಲಿಯಿದ್ದ ಮನೆ ತುಂಬಿಹೋಗಿತ್ತು.

ಆದ್ದರಿಂದ ದಲ್ಲಾಳಿಯ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಮಾಲೀಕರಿಗೆ ಆಧಾರ್ ತೋರಿಸಿ, ಅವರು ಒಪ್ಪಿದ ಮೇಲೆ ಅವರ ಖಾತೆಗೇ ಮುಂಗಡ ಹಾಕಿ. ಅವರಾಗಿ ಹಿಂದೆ ಸರಿದರೆ ಪೂರ್ತಿ ಹಣ ಮರಳಿಸಬೇಕೆಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಮಾತುಕತೆ ಆದಷ್ಟೂ ವಾಟ್ಸಾಪ್‌ನಲ್ಲಿರಲಿ. ನನ್ನ ಬಳಿ ಬಾಯಿಮಾತು ಬಿಟ್ಟರೆ ಸಾಕ್ಷಿಯಿಲ್ಲ.

‘ಅವರ ಮನೆ, ಅವರಿಷ್ಟ’ ಎಂದು ಸಮಾಧಾನ ಹೇಳುವವರು ಬಹಳ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ವಾಸದ ಮನೆ ಪಡೆಯುವುದಕ್ಕೆ, ಅಲ್ಲಿ ಇರುವುದಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಡಿ ಅಪರಾಧ. ಒಂದರಿಂದ ಆರು ತಿಂಗಳ ಜೈಲು ಇದೆ. ಪರಿಶಿಷ್ಟ ಜಾತಿ, ಪಂಗಡದವರು ದೌರ್ಜನ್ಯದ ದೂರಿಗೆ 14566 ಸಹಾಯವಾಣಿಗೆ ಕರೆ ಮಾಡಬಹುದು.

ಮೊನ್ನೆ ಅದೇ ಮನೆಯ ಫೋಟೋ ದಲ್ಲಾಳಿಯ ಸ್ಟೇಟಸ್‌ನಲ್ಲಿ ಮತ್ತೆ ಬಂದಿದೆ: ‘ಬಾಡಿಗೆಗೆ ಇದೆ, 8,500.’ ಅಡುಗೆಮನೆಯ ಮೂಲೆಯಲ್ಲಿ ಅಮ್ಮ ಬಿಟ್ಟುಬಂದ ಕಸಬರಿಗೆ ಹಾಗೆಯೇ ನಿಂತಿದೆ.