ಅತ್ತೆಯ ಕಣ್ಣು, ಮೂರು ಸೂಜಿ, ಹೆಣ್ಣುಗರುವಿನ ಸ್ಟ್ರಾ: ನಮ್ಮ ಕೊಟ್ಟಿಗೆಯ ಎರಡು ವರ್ಷದ ಲೆಕ್ಕ

ನಮ್ಮ ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗು ಹಾಕಿದ್ದೇವೆ. ಯಾವ ಹಸು ಯಾವತ್ತು ಬೆದೆಗೆ ಬಂತು, ಯಾವ ಹೊತ್ತಿಗೆ ಇನ್ಸೆಮಿನೇಷನ್ (ಕೃತಕ ಗರ್ಭಧಾರಣೆ) ಆಯಿತು, 21 ದಿನಕ್ಕೆ ತಿರುಗಿ ಬೆದೆಗೆ ಬಂತಾ ಇಲ್ವಾ ಅನ್ನುವುದೆಲ್ಲ ಅದರ ಮೇಲೆ ಪೆನ್ನಿನಲ್ಲಿ ಬರೆದಿದೆ. ಎರಡು ವರ್ಷದ ಕ್ಯಾಲೆಂಡರ್ ಮುಂದೆ ಹರಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ನಾಗಮಂಗಲ ಕಡೆಯ ಹಳ್ಳಿ ನಮ್ಮದು. ನಾಲ್ಕು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಶಿಯನ್) ಮಿಶ್ರತಳಿ ಹಸು, ಎರಡು ಕಡಸು, ಮಾವನ ಕಾಲದಿಂದ ಬಂದ ಒಂದು ಹಳ್ಳಿಕಾರ್, ಒಂದು ಎಮ್ಮೆ.

ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಮೂರು ತಪ್ಪಿದರೆ ಎರಡು ತಿಂಗಳು. ಅಷ್ಟು ದಿನವೂ ಬೂಸಾ, ಹಿಂಡಿ, ಹಸಿ ಮೇವು ನಿಲ್ಲುವುದಿಲ್ಲ. ಡೈರಿಗೆ ಹಾಕುವ ಹಾಲು ಮಾತ್ರ ಇಳಿಯುತ್ತಾ ಹೋಗುತ್ತದೆ. ಈ ನಷ್ಟ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ, ಅದಕ್ಕೇ ಯಾರೂ ಲೆಕ್ಕ ಹಾಕುವುದಿಲ್ಲ. ಕೃತಕ ಗರ್ಭಧಾರಣೆ ಕಲಿಯಲು ನಾನು ಮೂರು ತಿಂಗಳ ತರಬೇತಿಗೆ ಸೇರಿದ್ದು ಇದೇ ಕಾರಣಕ್ಕೆ.

ಮೊದಲು ಕಲಿಕೆಯ ಮಾತು. ನಮಗೆ ಎರಡು ರೀತಿಯಲ್ಲಿ ಹೇಳಿಕೊಟ್ಟರು. ಒಂದು, ಕಸಾಯಿಖಾನೆಯಿಂದ ತಂದ ಗರ್ಭಕೋಶವನ್ನು ಟ್ರೇನಲ್ಲಿಟ್ಟು. ಇನ್ನೊಂದು, ನಿಂತ ಹಸುವಿನ ಮೇಲೆ. ಟ್ರೇನಲ್ಲಿ ಎಲ್ಲ ಸಲೀಸು. ಗರ್ಭಕಂಠ ಕೋಳಿಯ ಕತ್ತಿನ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತದೆ, ಒಳಗಿನ ಮೂರು ನಾಲ್ಕು ಬಳೆ ಕಣ್ಣಿಗೇ ಕಾಣುತ್ತವೆ. ಹಸುವಿನೊಳಗೆ ಎಡಗೈ ಹಾಕಿದಾಗ ಅದೇನೂ ಇಲ್ಲ. ಕರುಳು ಬಿಗಿಯಾಗಿ ಹಿಂಡುತ್ತದೆ, ಎರಡು ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ. ನನಗೆ ಹೆಚ್ಚು ಉಪಯೋಗ ಆಗಿದ್ದು ಇವೆರಡರ ನಡುವಿನ ಒಂದು ಅಭ್ಯಾಸ. ಟ್ರೇ ಮೇಲೆ ಬಟ್ಟೆ ಹೊದಿಸಿ, ನೋಡದೆ ಗನ್ (ವೀರ್ಯ ಒಳಗೆ ಬಿಡುವ ಉದ್ದನೆ ಕಡ್ಡಿಯಂಥ ಸಾಧನ) ದಾಟಿಸುವುದು. ಹತ್ತು ಸಲ ಹಾಗೆ ಮಾಡಿದ ಮೇಲೆ ಒಂದು ವಿಷಯ ತಿಳಿಯಿತು. ಗನ್ನನ್ನು ಒಳಗೆ ತಳ್ಳಬಾರದು. ಗನ್ ಇದ್ದಲ್ಲೇ ಇರಬೇಕು, ಎಡಗೈಯಲ್ಲಿ ಗರ್ಭಕಂಠವನ್ನು ಹಿಡಿದು ಅದರ ಮೇಲೆ ತಂದು ಏರಿಸಬೇಕು. ಕೊನೆಯ ಬಳೆ ದಾಟಿದ ತಕ್ಷಣ ನಿಲ್ಲಬೇಕು, ಅಲ್ಲೇ ನಿಧಾನವಾಗಿ ಬಿಡಬೇಕು. ಇನ್ನೂ ಮುಂದೆ ಹೋದರೆ ಗರ್ಭಕೋಶದ ಗೋಡೆಗೆ ಗಾಯ.

ತರಬೇತಿಯಲ್ಲಿ ಕೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿದಿದೆ. ನಮ್ಮ ದೇಶದಲ್ಲಿ ಈ ಕೆಲಸ ಮೊದಲು ನಡೆದದ್ದು ನಮ್ಮ ಮೈಸೂರಿನಲ್ಲೇ. 1939ರಲ್ಲಿ ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅನ್ನುವವರು ಹಳ್ಳಿಕಾರ್ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿದರು. ಅವತ್ತು ದ್ರವ ಸಾರಜನಕದ ಜಾರ್ ಇರಲಿಲ್ಲ, ಹೆಪ್ಪುಗಟ್ಟಿಸಿದ ವೀರ್ಯದ ಸಣ್ಣ ಕೊಳವೆ, ಅಂದರೆ ಸ್ಟ್ರಾ, ಇರಲಿಲ್ಲ. ಇವತ್ತು ಹೆಸರಘಟ್ಟದ ವೀರ್ಯ ಕೇಂದ್ರದಲ್ಲಿ ತುಂಬಿದ ಸ್ಟ್ರಾ ಮೈನಸ್ 196 ಡಿಗ್ರಿಯಲ್ಲಿ ಕೂತು ನಮ್ಮ ಹಳ್ಳಿಗೆ ಬರುತ್ತದೆ. ನಮ್ಮ ಹಳ್ಳಿಕಾರ್ ಹಸುವಿನ ಬೆನ್ನು ಸವರುವಾಗ ಇದು ನೆನಪಾಗುತ್ತದೆ.

ಹೋರಿಯ ವಿಷಯ ಬೇಗ ಮುಗಿಸುತ್ತೇನೆ. ಹೋರಿಗೆ ಒಂದು ದೊಡ್ಡ ಗುಣ ಇದೆ, ಬೆದೆ ಹುಡುಕುವ ಕೆಲಸ ಅದೇ ಮಾಡುತ್ತದೆ. ಆದರೆ ಊರಿಗೆಲ್ಲ ಒಂದೇ ಹೋರಿ ಅಂದರೆ ಒಂದು ಹಸುವಿನ ಗರ್ಭಕೋಶದ ಸೋಂಕು ಇನ್ನೊಂದಕ್ಕೆ ಹರಡುತ್ತದೆ. ನಾಲ್ಕೈದು ವರ್ಷದಲ್ಲಿ ಅಪ್ಪನಿಗೇ ಮಗಳನ್ನು ಬಿಟ್ಟ ಹಾಗೂ ಆಗುತ್ತದೆ. ನಾವು ಬಿಟ್ಟುಬಿಟ್ಟೆವು.

ಉಳಿದದ್ದು ಮೂರು ದಾರಿ. ಕಣ್ಣಿನಿಂದ ಬೆದೆ ಹಿಡಿದು ಸಾದಾ ಸ್ಟ್ರಾ ಹಾಕುವುದು, ಸೂಜಿ ಕೊಟ್ಟು ಬೆದೆ ತರಿಸುವುದು, ಹೆಣ್ಣುಗರುವೇ ಹುಟ್ಟಲಿ ಅಂತ ಬೇರೆ ಮಾಡಿದ ವೀರ್ಯದ ಸ್ಟ್ರಾ, ಅಂದರೆ ಹೆಣ್ಣುಗರುವಿನ ಸ್ಟ್ರಾ. ಇವು ಮೂರನ್ನೂ ನಾವು ಮಾಡಿ ನೋಡಿದ್ದೇವೆ.

ಕಣ್ಣು ಅಂದರೆ ನಮ್ಮಲ್ಲಿ ಅತ್ತೆಯ ಕಣ್ಣು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸಗಣಿ ಬಾಚುವಾಗ ಹಸುವಿನ ಹಿಂದೆ ನೆಲ ನೋಡುತ್ತಾರೆ. ಕನ್ನಡಿ ಹಾಗೆ ತಿಳಿಯಾದ ಲೋಳೆ ದಾರದಂತೆ ಇಳಿದಿದ್ದರೆ, "ಅಮ್ಮಣ್ಣಿ, ಇವಳು ಬಂದವ್ಳೆ ನೋಡು" ಅನ್ನುತ್ತಾರೆ. ಹಾಲು ಅರ್ಧ ಲೀಟರ್ ಕಡಿಮೆ ಆದರೆ, ಮೇವು ಬಿಟ್ಟು ತಲೆಯೆತ್ತಿ ನಿಂತರೆ ಅವರಿಗೆ ಗೊತ್ತಾಗುತ್ತದೆ. ಇಷ್ಟಿದ್ದೂ ಮೊದಲ ವರ್ಷ 9 ಸಲ ಸಾದಾ ಸ್ಟ್ರಾ ಹಾಕಿ ಗಬ್ಬ ನಿಂತಿದ್ದು 3. ನನ್ನ ಕೈಯೂ ಆಗ ಹೊಸದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ದೊಡ್ಡ ತಪ್ಪು ಬೇರೆ ಇತ್ತು. ನಮ್ಮ ಹಸುಗಳು ದಿನಪೂರ್ತಿ ಕಟ್ಟಿದ ಜಾಗದಲ್ಲೇ ಇದ್ದವು. ಬೆದೆಯ ಖಚಿತ ಗುರುತು ಅಂದರೆ ಇನ್ನೊಂದು ಹಸು ಮೇಲೆ ಹತ್ತಿದಾಗ ಕದಲದೆ ನಿಲ್ಲುವುದು. ಕಟ್ಟಿ ಹಾಕಿದ ಹಸುವಿನಲ್ಲಿ ಅದನ್ನು ಎಲ್ಲಿ ನೋಡುವುದು? ಲೋಳೆ ಕಂಡ ಹೊತ್ತೇ ಬೆದೆ ಶುರುವಾದ ಹೊತ್ತು ಅಂದುಕೊಂಡಿದ್ದೆವು.

ಎರಡನೇ ವರ್ಷ ಹಿತ್ತಲಿಗೆ ಬೇಲಿ ಹಾಕಿ, ಬೆಳಿಗ್ಗೆ ಅರ್ಧ ಗಂಟೆ, ರಾತ್ರಿ ಊಟದ ನಂತರ ಅರ್ಧ ಗಂಟೆ ಎಲ್ಲವನ್ನೂ ಬಿಚ್ಚಿ ಬಿಟ್ಟೆವು. ರಾತ್ರಿಯ ಅರ್ಧ ಗಂಟೆಗೆ ಬೆಲೆ ಜಾಸ್ತಿ. ಬಿಸಿಲಿಲ್ಲದ ಹೊತ್ತಲ್ಲೇ ಹಸುಗಳು ಹೆಚ್ಚು ಹತ್ತುವುದು. ಬೆಳಿಗ್ಗೆ ಹತ್ತಿಸಿಕೊಂಡು ನಿಂತರೆ ಸಂಜೆ, ಸಂಜೆ ನಿಂತರೆ ಮರುದಿನ ಬೆಳಿಗ್ಗೆ ಇನ್ಸೆಮಿನೇಷನ್. ಈ ಪದ್ಧತಿಗೆ ಆಧಾರ ಆಗಿದ್ದು 1948ರಲ್ಲಿ ಅಮೆರಿಕದ ಟ್ರಿಂಬರ್ಗರ್ ಅನ್ನುವವರು ಪ್ರಕಟಿಸಿದ ಕೆಲಸ. ಕಾರಣ ಸರಳ. ಬೆದೆ ಇಳಿದ 10-12 ಗಂಟೆಯ ನಂತರ ಅಂಡಾಣು ಬಿಡುಗಡೆ ಆಗುತ್ತದೆ. ಅದರ ಆಯುಸ್ಸು ಕೆಲವೇ ಗಂಟೆ. ವೀರ್ಯಾಣು ಅಷ್ಟು ಹೊತ್ತಿಗಾಗಲೇ ಒಳಗೆ ಹೋಗಿ ತಯಾರಾಗಿ ಕಾಯುತ್ತಿರಬೇಕು. ತೀರಾ ಬೇಗ ಹಾಕಿದರೆ ಅದು ಕಾದು ಸಾಯುತ್ತದೆ, ತಡವಾದರೆ ಅಂಡಾಣು ಹೋಗಿರುತ್ತದೆ. ಆ ವರ್ಷ 8 ಸಲ ಹಾಕಿದೆ, 5 ನಿಂತವು. ಸಾದಾ ಸ್ಟ್ರಾವೇ, ಅದೇ ಮೇವು, ಅದೇ ಹಸು. ಬೇಲಿಗೆ ಆದ ಖರ್ಚು ಕಲ್ಲುಕಂಬ ಮತ್ತು ತಂತಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೆದೆ ಮುಗಿದು ಎರಡು ಮೂರು ದಿನಕ್ಕೆ ಬಾಲಕ್ಕೆ ಸ್ವಲ್ಪ ರಕ್ತ ಅಂಟಿರುತ್ತದೆ, ಕಡಸಿನಲ್ಲಿ ಇದು ಜಾಸ್ತಿ. ಅದನ್ನು ನೋಡಿ "ನಿಲ್ಲಲಿಲ್ಲ" ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ, ಅವತ್ತೇ ಇನ್ನೊಂದು ಸ್ಟ್ರಾ ಹಾಕಿಸುವವರೂ ಇದ್ದಾರೆ. ಆ ರಕ್ತ ನಿಂತಿದ್ದನ್ನೂ ಹೇಳುವುದಿಲ್ಲ, ನಿಲ್ಲದ್ದನ್ನೂ ಹೇಳುವುದಿಲ್ಲ. ಬೆದೆ ಬಂದು ಹೋಯಿತು ಅಂತ ಮಾತ್ರ ಹೇಳುತ್ತದೆ. ನಿಮಗೆ ಬೆದೆ ಕಾಣದೆ ರಕ್ತ ಮಾತ್ರ ಕಂಡಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ 18 ದಿನ ಎಣಿಸಿ ಕಾಯಿರಿ.

ಈಗ ಸೂಜಿ. ಕರು ಹಾಕಿ ನೂರು ದಿನ ಕಳೆದರೂ ಒಂದು ಹಸು ಬೆದೆಗೇ ಬರಲಿಲ್ಲ. ಪಶುವೈದ್ಯರು ಕೈ ಹಾಕಿ ನೋಡಿ, ಗಬ್ಬ ಇಲ್ಲ ಅಂತ ಖಚಿತ ಮಾಡಿಕೊಂಡು, ಮೂರು ಸೂಜಿಯ ಕ್ರಮ ಬರೆದುಕೊಟ್ಟರು. ಇದಕ್ಕೆ ಓವ್‌ಸಿಂಕ್ ಅನ್ನುತ್ತಾರೆ. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೊರಬಂದ ಪದ್ಧತಿ. ಸೋಮವಾರ ಸಂಜೆ 6ಕ್ಕೆ ಮೊದಲ ಹಾರ್ಮೋನ್ ಸೂಜಿ. ಮುಂದಿನ ಸೋಮವಾರ ಸಂಜೆ 6ಕ್ಕೆ ಪಿ.ಜಿ. (ಪ್ರೊಸ್ಟಗ್ಲಾಂಡಿನ್) ಸೂಜಿ. ಬುಧವಾರ ಸಂಜೆ ಮತ್ತೆ ಮೊದಲಿನದೇ ಸೂಜಿ. ಗುರುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ, ಬೆದೆ ಕಾಣಲಿ ಬಿಡಲಿ, ಇನ್ಸೆಮಿನೇಷನ್. ಗಂಟೆ ತಪ್ಪಿದರೆ ಇಡೀ ಹತ್ತು ದಿನ ವ್ಯರ್ಥ.

ಇದರ ನೆಮ್ಮದಿ ಏನು ಅಂದರೆ ಕಾಯುವ ಕೆಲಸ ಇಲ್ಲ. ಕಣ್ಣಿಡಲು ಯಾರೂ ಇಲ್ಲದ ಮನೆಗೆ ಇದು ದೊಡ್ಡ ಸಹಾಯ. ಆದರೆ ನಾವು ನಾಲ್ಕು ಸಲ ಮಾಡಿ ನಿಂತಿದ್ದು ಎರಡೇ. ಔಷಧಿ ಖರ್ಚು, ಓಡಾಟ ಸೇರಿಸಿದರೆ ಸಾದಾ ದಾರಿಗಿಂತ ದುಬಾರಿ. ಸೊರಗಿದ ಹಸುವಿಗೆ ಸೂಜಿ ಏನೂ ಮಾಡುವುದಿಲ್ಲ ಅನ್ನುವುದೂ ಅರ್ಥವಾಯಿತು. ನಮ್ಮ ಆ ಹಸುವಿಗೆ ಮೊದಲ ಸಲ ಸೂಜಿ ಸೋತಿತು. ಕರು ಹಾಕಿದ ಮೇಲೆ ಪಕ್ಕೆಲುಬು ಕಾಣುವಷ್ಟು ಇಳಿದಿತ್ತು, ಇದ್ದದ್ದೆಲ್ಲ ಹಾಲಿಗೇ ಹೋಗುತ್ತಿತ್ತು. ಎರಡು ತಿಂಗಳು ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಾಕಿ, ಹಿಂಡಿ ಹೆಚ್ಚಿಸಿ, ಮೈ ಹಿಡಿದ ಮೇಲೆ ಅದೇ ಕ್ರಮ ಮಾಡಿದೆವು. ಆಗ ನಿಂತಿತು.

ಪಿ.ಜಿ. ಸೂಜಿಯ ಬಗ್ಗೆ ಎಲ್ಲರ ಕೈಹಿಡಿದು ಹೇಳಬೇಕು ಅನಿಸುತ್ತದೆ. ಅದು ಗಬ್ಬದ ಹಸುವಿಗೆ ಬಿದ್ದರೆ ಹಸು ಕಂದು ಹಾಕುತ್ತದೆ, ಅಂದರೆ ಗಬ್ಬ ಬಿದ್ದುಹೋಗುತ್ತದೆ. ನಮ್ಮ ಬೀದಿಯಲ್ಲೇ ಒಬ್ಬರ ಹಸುವಿಗೆ, ಬೆದೆ ಬರುತ್ತಿಲ್ಲ ಅಂದಿದ್ದೇ ತಡ, ಪರೀಕ್ಷೆ ಮಾಡದೆ ಯಾರೋ ಹಾಕಿ ಹೋದರು. ಬೆದೆ ಬಾರದೆ ಇದ್ದದ್ದು ಅದು ಎರಡೂವರೆ ತಿಂಗಳ ಗಬ್ಬ ಆಗಿದ್ದರಿಂದ. ಐದನೇ ದಿನ ಕೊಟ್ಟಿಗೆಯಲ್ಲಿ ಬಿದ್ದಿದ್ದನ್ನು ಆ ಮನೆಯ ಅಜ್ಜಿ ಎತ್ತಿಕೊಂಡು ಹೋಗಿ ಹೂತಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಕೈ ಹಾಕಿ ನೋಡದೆ ಈ ಸೂಜಿ ಬೇಡವೇ ಬೇಡ. ಬಸುರಿ ಹೆಂಗಸರು, ಉಬ್ಬಸ ಇರುವವರು ಅದರ ಬಾಟಲಿ ಮುಟ್ಟಲೂ ಬಾರದು. ಚರ್ಮದ ಮೂಲಕವೂ ಮೈಗೆ ಸೇರುತ್ತದೆ.

ಎಮ್ಮೆಯ ವಿಷಯಕ್ಕೆ ಬಂದರೆ ನನ್ನ ಮಾತು ತಿರುಗುತ್ತದೆ. ಎಮ್ಮೆಯ ಬೆದೆ ಮೂಕಬೆದೆ. ಕೂಗುವುದಿಲ್ಲ, ಹತ್ತುವುದು ಕಡಿಮೆ, ಏನಿದ್ದರೂ ರಾತ್ರಿ. ಅತ್ತೆಯ ಕಣ್ಣಿಗೂ ನಮ್ಮ ಎಮ್ಮೆ ಎಂಟು ತಿಂಗಳು ಸಿಗಲಿಲ್ಲ. ಚಳಿಗಾಲ ಶುರುವಾದ ಮೇಲೆ ಸೂಜಿಯ ಕ್ರಮ ಮಾಡಿದೆವು, ಒಂದೇ ಸಲಕ್ಕೆ ನಿಂತಿತು. ಬೇಸಿಗೆಯಲ್ಲಿ ಮಾಡಿದ್ದರೆ ಹೀಗೆ ಆಗುತ್ತಿತ್ತು ಅಂತ ನಾನು ನಂಬುವುದಿಲ್ಲ.

ಹೆಣ್ಣುಗರುವಿನ ಸ್ಟ್ರಾ ಮೂರನೆಯದು. ಇದರ ಆಸೆ ಯಾಕೆ ಅಂತ ಸಾಕಿದವರಿಗೆಲ್ಲ ಗೊತ್ತು. ಎಚ್.ಎಫ್. ಗಂಡುಗರು ಹುಟ್ಟಿದರೆ ಕೊಳ್ಳುವವರಿಲ್ಲ, ಉಳುಮೆಗೂ ಆಗದು, ಸಾಕುವ ಶಕ್ತಿಯೂ ಇಲ್ಲ. ಕರುವಿನ ಮುಖ ನೋಡಿ ಅತ್ತೆ ಸುಮ್ನೆ ಒಳಗೆ ಹೋಗಿಬಿಡುವ ದಿನಗಳು ನಮ್ಮ ಮನೆಯಲ್ಲಿ ಇದ್ದವು. ಹೆಣ್ಣು ಕೊಡುವ ವೀರ್ಯಾಣುವಿನಲ್ಲಿ ಡಿ.ಎನ್.ಎ. ಸುಮಾರು ಶೇ. 4ರಷ್ಟು ಜಾಸ್ತಿ ಇರುತ್ತದೆ. ಬಣ್ಣ ಹಾಕಿ, ಲೇಸರ್ ಬೆಳಕಿನಲ್ಲಿ ಒಂದೊಂದನ್ನೇ ನೋಡಿ ಯಂತ್ರ ಅದನ್ನು ಬೇರೆ ಮಾಡುತ್ತದೆ. ಹಾಗಾಗಿ ನೂರಕ್ಕೆ ತೊಂಬತ್ತು ಹೆಣ್ಣು. ನಮ್ಮ ದೇಶದ್ದೇ ಆದ ಯಂತ್ರವೂ 2024ರಲ್ಲಿ ಬಂತು, ಗೌಸಾರ್ಟ್ ಅಂತ ಹೆಸರು. ಆದರೆ ಸಾದಾ ಸ್ಟ್ರಾದಲ್ಲಿ 2 ಕೋಟಿ ವೀರ್ಯಾಣು ಇದ್ದರೆ, ಇದರಲ್ಲಿ ಸಾಮಾನ್ಯವಾಗಿ ಇರುವುದು 20 ಲಕ್ಷದಷ್ಟು. ಅವೂ ಯಂತ್ರದ ಹೊಡೆತ ತಿಂದು ಬಂದವು. ಚಿಕ್ಕ ತಪ್ಪನ್ನೂ ಇದು ಕ್ಷಮಿಸುವುದಿಲ್ಲ.

ಐದು ಸ್ಟ್ರಾ ಬಳಸಿದೆ. ಹಾಲು ಕೊಡುವ ಎರಡು ಹಸುವಿಗೆ ಒಂದೊಂದು ಹಾಕಿದೆ, ಎರಡೂ ನಿಲ್ಲಲಿಲ್ಲ. ಒಂದು ಕಡಸಿಗೆ ಮೊದಲ ಸಲಕ್ಕೇ ನಿಂತಿತು. ಇನ್ನೊಂದರಲ್ಲಿ ತಪ್ಪು ನನ್ನದು. ಪುಷ್ಯದ ಚಳಿ, ಬೆಳಿಗ್ಗೆ ಆರು ಗಂಟೆ. ಥರ್ಮಾಮೀಟರ್ ಒಡೆದಿತ್ತು, ಬೆರಳು ಅದ್ದಿ ನೋಡಿ ನೀರು ಬೆಚ್ಚಗಿದೆ ಅಂದುಕೊಂಡೆ. ಹೆಪ್ಪುಗಟ್ಟಿದ ಸ್ಟ್ರಾ ಕರಗಿಸಲು ಬೇಕಾದದ್ದು 37 ಡಿಗ್ರಿ ನೀರು, 30 ಸೆಕೆಂಡು. ಆಮೇಲೆ ಆ ಸ್ಟ್ರಾವನ್ನು ತಣ್ಣಗೆ ಕೊರೆಯುತ್ತಿದ್ದ ಗನ್ನಿಗೆ ಹಾಕಿದೆ. ಬೆಚ್ಚಗಾದದ್ದು ಮತ್ತೆ ಚಳಿಗೆ ಬಿದ್ದರೆ ವೀರ್ಯಾಣು ಉಳಿಯುವುದಿಲ್ಲ. 20ನೇ ದಿನ ಕಡಸು ತಿರುಗಿ ಬಂತು. ಮುಂದಿನ ಸಲ ಹೊಸ ಥರ್ಮಾಮೀಟರ್ ತಂದೆ, ಗನ್ನನ್ನು ಟವೆಲಿನಿಂದ ಉಜ್ಜಿ ಬಿಸಿ ಮಾಡಿ ರವಿಕೆಯ ಒಳಗೆ ಇಟ್ಟುಕೊಂಡು ಕೊಟ್ಟಿಗೆಗೆ ಹೋದೆ. ಮಾಮೂಲಿಗಿಂತ ನಾಲ್ಕೈದು ಗಂಟೆ ತಡ ಮಾಡಿ ಹಾಕಿದೆ, ಯಾಕೆಂದರೆ ಈ ವೀರ್ಯಾಣುವಿನ ಆಯುಸ್ಸು ಕಡಿಮೆ, ಅಂಡಾಣು ಬರುವ ಹೊತ್ತಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ನಿಂತಿತು. ಎರಡೂ ಕಡಸು ಹೆಣ್ಣುಗರು ಹಾಕಿವೆ. ಹೆಣ್ಣುಗರು ಸ್ವಲ್ಪ ಚಿಕ್ಕದಾಗಿರುವುದರಿಂದ ಚೊಚ್ಚಲ ಹೆರಿಗೆಗೂ ಸಲೀಸಾಯಿತು.

ಹಳ್ಳಿಕಾರಿಗೆ ಮಾತ್ರ ಈ ಸ್ಟ್ರಾ ಯೋಚನೆ ಮಾಡಲೇ ಇಲ್ಲ. ಹಳ್ಳಿಕಾರ್ ಹೋರಿಗರುವಿಗೆ ಜಾತ್ರೆಯಲ್ಲಿ ಇರುವ ಬೆಲೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

ಹಾಗಾಗಿ ಈ ವರ್ಷ ನಾವು ಹೀಗೆ ಮಾಡುತ್ತಿದ್ದೇವೆ. ಹಾಲಿನ ಹಸುಗಳಿಗೆ ಬಿಚ್ಚಿ ಬಿಟ್ಟು ನೋಡಿ ಸಾದಾ ಸ್ಟ್ರಾ. ಬೆದೆ ಸ್ಪಷ್ಟವಾಗಿ ಕಂಡ ಕಡಸಿಗೆ ಮಾತ್ರ ಹೆಣ್ಣುಗರುವಿನದು. ಕರು ಹಾಕಿ ಮೂರು ತಿಂಗಳಾದರೂ ಬಾರದ ಹಸುವಿಗೆ ಮೊದಲು ಮೇವು, ಖನಿಜ, ವೈದ್ಯರ ಪರೀಕ್ಷೆ, ಆಮೇಲೆ ಸೂಜಿ. ಎಮ್ಮೆಗೆ ಚಳಿಗಾಲದಲ್ಲಿ, ಕೈ ಹಾಕಿ ನೋಡಿ ಗಬ್ಬ ಇಲ್ಲ ಅಂತ ಖಚಿತವಾದ ಮೇಲೆ, ಬೆದೆಗೆ ಕಾಯದೆ ಸೂಜಿ. 21 ದಿನಕ್ಕೆ ತಿರುಗಿ ಬರಲಿಲ್ಲ ಅಂತ ಗಬ್ಬ ನಿಂತಿದೆ ಅಂದುಕೊಳ್ಳುವುದನ್ನು ನಿಲ್ಲಿಸಿದ್ದೇವೆ. 60 ದಿನ ತುಂಬಿದ ಮೇಲೆ ಕೈ ಹಾಕಿ ನೋಡಿ, ಆಮೇಲೇ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕುವುದು. ಈ ತಿಂಗಳ ಹಾಳೆಯಲ್ಲಿ ಎರಡು ಸುತ್ತು ಇವೆ. ಮೂರನೆಯ ಹಸುವಿಗೆ ಇವತ್ತು 19ನೇ ದಿನ, ಅತ್ತೆ ಆಗಲೇ ಟಾರ್ಚ್ ತೆಗೆದುಕೊಂಡು ಹಿತ್ತಲಿಗೆ ಹೋಗಿದ್ದಾರೆ.