"ಬಟ್ಟೆ ಸಲಹೆ ಸೇರಿದೆ" ಅಂದರೆ ನಂಬಬೇಡಿ: ಬ್ರ್ಯಾಂಡಿಂಗ್ ಫೋಟೋಶೂಟ್‌ನಲ್ಲಿ ನನಗಾದದ್ದು

ಬ್ರ್ಯಾಂಡಿಂಗ್ ಫೋಟೋಶೂಟ್ ಮಾಡಿಸಬೇಕು ಅಂತಿರುವವರು ಮೊದಲು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ನನಗಿನ್ನೂ ಸಿಟ್ಟು ಇಳಿದಿಲ್ಲ. ಬರೆದದ್ದು ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಕೆಲಸ ಬಿಟ್ಟು ಸ್ವಂತವಾಗಿ ಟ್ರೈನಿಂಗ್ ಶುರು ಮಾಡಿದ್ದೇನೆ. ವೆಬ್‌ಸೈಟ್‌ಗೆ, ಲಿಂಕ್ಡ್‌ಇನ್‌ಗೆ ನಾಲ್ಕು ಒಳ್ಳೆಯ ಫೋಟೋ ಬೇಕಿತ್ತು. ಈ ಸ್ಟುಡಿಯೋದವರ ಪ್ಯಾಕೇಜ್‌ನಲ್ಲಿ "ಬಟ್ಟೆ ಆಯ್ಕೆಗೆ ಸ್ಟೈಲಿಸ್ಟ್ ಸಲಹೆ ಸೇರಿದೆ" ಅಂತ ದಪ್ಪಕ್ಷರದಲ್ಲಿ ಇತ್ತು. ನಾನು ಅವರ ಹತ್ತಿರ ಹೋಗಿದ್ದೇ ಅದಕ್ಕೆ. ಕ್ಯಾಮೆರಾ ಎಲ್ಲ ಸ್ಟುಡಿಯೋದಲ್ಲೂ ಇರುತ್ತದೆ, ಅಲ್ವಾ?

ಶೂಟ್‌ಗೆ ಮುಂಚೆಯೇ ಬಟ್ಟೆಗಳನ್ನೆಲ್ಲ ಹಾಸಿಗೆ ಮೇಲೆ ಹರಡಿ, ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಸಣ್ಣ ಗೆರೆಯ ಶರ್ಟ್, ಬಿಳಿ ಟಾಪ್, ಹಸಿರು ಟಾಪ್, ಸಾದಾ ಮರೂನ್ ಟಾಪ್. ಹಿನ್ನೆಲೆ ಯಾವ ಬಣ್ಣದ್ದು ಅಂತಲೂ ಕೇಳಿದೆ. ಬಂದ ಉತ್ತರ: "ಎಲ್ಲಾ ಸೂಪರ್ ಮೇಡಂ. ಎಲ್ಲಾ ತನ್ನಿ, ಇಲ್ಲೇ ನೋಡ್ಕೊಳ್ಳೋಣ." ಹಿನ್ನೆಲೆಯ ಬಗ್ಗೆ ಮಾತೇ ಇಲ್ಲ. ಮತ್ತೆ ಕೇಳಿದೆ. ಒಂದು ಹೆಬ್ಬೆರಳು ಬಂತು, ಅಷ್ಟೇ.

ಅಲ್ಲಿ ಹೋಗಿ ಬ್ಯಾಗ್ ತೆರೆದೆ. ಸ್ಟೈಲಿಸ್ಟ್ ಅನ್ನಿಸಿಕೊಂಡಾಕೆ ಮುಖ ಸಿಂಡರಿಸಿದಳು.

ಬಿಳಿ ಟಾಪ್? "ಬ್ಯಾಕ್‌ಗ್ರೌಂಡೇ ಬಿಳಿ ಮೇಡಂ, ಭುಜ ಎಲ್ಲಿದೆ ಅಂತ ಗೊತ್ತಾಗಲ್ಲ." ಹಸಿರು? "ಕೆಲವು ಶಾಟ್ ಗ್ರೀನ್ ಸ್ಕ್ರೀನ್ ಮುಂದೆ ತೆಗಿತೀವಿ, ಆಮೇಲೆ ಹಸಿರೆಲ್ಲ ಅಳಿಸಿ ಬೇರೆ ಹಿನ್ನೆಲೆ ಹಾಕ್ತೀವಿ, ಬಟ್ಟೆನೇ ಮಾಯ ಆಗುತ್ತೆ." ಗೆರೆ ಶರ್ಟ್? "ಮೊಯ್ರೆ ಬರುತ್ತೆ."

ಮೂರೂ ನಿಜ! ನನ್ನ ಹೊಟ್ಟೆ ಉರಿಸಿದ್ದೇ ಅದು. ಒತ್ತೊತ್ತಾದ ಗೆರೆ, ಸಣ್ಣ ಚೌಕಳಿ ಇದ್ದರೆ ಅದು ಕ್ಯಾಮೆರಾ ಸೆನ್ಸರ್‌ನ ಪಿಕ್ಸೆಲ್ ಸಾಲಿನ ಜತೆ ತಾಳೆಯಾಗದೆ ಫೋಟೋದಲ್ಲಿ ಅಲೆ ಅಲೆಯಾದ ಪಟ್ಟೆ ಮೂಡುತ್ತದೆ, ಅದೇ ಮೊಯ್ರೆ. ಫೋಟೋ ತೆಗೆಯುವವರಿಗೆ ಇದು ಗೊತ್ತೇ ಇರುತ್ತದೆ. ನಾನು ಚಿತ್ರ ಕಳಿಸಿದಾಗಲೂ ಗೊತ್ತಿತ್ತು. ಆಗ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಪಕ್ಕಕ್ಕೆ ತಿರುಗಿದಾಗ ತಿಳಿಯಿತು. ಬಾಡಿಗೆ ಬಟ್ಟೆಗಳ ಸ್ಟ್ಯಾಂಡ್!

ಮರೂನ್ ಟಾಪ್ ಹಿಡಿದು ತೋರಿಸಿದೆ. ಗೆರೆ ಇಲ್ಲ, ಹೊಳಪಿಲ್ಲ, ಮೈಗೆ ಸರಿಯಾಗಿ ಕೂರುತ್ತದೆ. "ಅದು ಡಲ್ ಹೊಡೆಯುತ್ತೆ ಮೇಡಂ. ನಮ್ಮದು ಕ್ಯಾಮೆರಾ ರೆಡಿ ಕಲೆಕ್ಷನ್. ಬಾಡಿಗೆ ಮಾತ್ರ ಬೇರೆ." ಎಷ್ಟು? ಪ್ಯಾಕೇಜ್ ದುಡ್ಡಿನ ಮೂರನೇ ಒಂದು ಭಾಗ! ಮೇಕಪ್ ಆಗಿದೆ, ಲೈಟ್ ಹಾಕಿದ್ದಾರೆ, ಗಂಟೆ ಲೆಕ್ಕ ಓಡುತ್ತಿದೆ. ಆ ಹೊತ್ತಿನಲ್ಲಿ ಯಾರು ಚೌಕಾಸಿ ಮಾಡುತ್ತಾರೆ ಹೇಳಿ.

ಕೊಟ್ಟದ್ದು ಒಂದು ನೇವಿ ಬ್ಲೂ ಬ್ಲೇಜರ್. ನನ್ನಂಥವರು ಇಬ್ಬರು ಹಿಡಿಸುವಷ್ಟು ದೊಡ್ಡದು. ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡಿದರು. ಕ್ಲಿಪ್ ಹಾಕುವುದು ಈ ಕೆಲಸದಲ್ಲಿ ಮಾಮೂಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಾಗಿದ್ದರೆ ಎದುರಿನಿಂದ ತೆಗೆಯಬೇಕು ತಾನೆ? ಇವರು ನನ್ನನ್ನು ಪಕ್ಕಕ್ಕೆ ತಿರುಗಿಸಿ ತೆಗೆದರು. ಫೋಟೋದಲ್ಲಿ ಕ್ಲಿಪ್ ಎದ್ದು ಕಾಣುತ್ತಿದೆ. ತೋಳು ಬೆರಳ ಗೆಣ್ಣಿನವರೆಗೆ ಇಳಿದಿದೆ. ಕಾಲರ್ ಮೇಲೆ ಯಾರದೋ ಫೌಂಡೇಶನ್ ಕಲೆ. ಎಡ ತೋಳಿನ ಒಂದು ಗುಂಡಿಯನ್ನು ಕೆಂಪು ದಾರದಲ್ಲಿ ಹೊಲಿದಿದ್ದಾರೆ, ಉಳಿದವಕ್ಕೆಲ್ಲ ಕಪ್ಪು ದಾರ.

ಫೋಟೋಗಳು ಬಂದ ಮೇಲೆ ಅವರ ಇನ್‌ಸ್ಟಾಗ್ರಾಂ ಪೇಜ್ ಸುಮ್ನೆ ನೋಡುತ್ತಿದ್ದೆ. ಒಬ್ಬ ವಕೀಲೆ, ಒಬ್ಬ ದಂತವೈದ್ಯೆ, ಇನ್ಯಾರೋ ಕೋಚ್. ಎಲ್ಲರ ಮೈಮೇಲೂ ನೇವಿ ಬ್ಲೇಜರ್. ಒಂದನ್ನು ದೊಡ್ಡದು ಮಾಡಿದೆ. ಎಡ ತೋಳು. ಕೆಂಪು ದಾರ! ಇನ್ನೊಂದನ್ನು ದೊಡ್ಡದು ಮಾಡಿದೆ. ಅಲ್ಲೂ ಕೆಂಪು ದಾರ! ಅಂದರೆ ಎಲ್ಲರ ಬ್ಯಾಗ್‌ನಲ್ಲಿದ್ದ ಬಟ್ಟೆಯೂ ಕ್ಯಾಮೆರಾಗೆ ಆಗಿಬರಲಿಲ್ಲ, ಅಲ್ವಾ? ಪರ್ಸನಲ್ ಬ್ರ್ಯಾಂಡಿಂಗ್ ಅಂತೆ. ನಾಚಿಕೆ ಆಗಬೇಕು. ಇದೇ ಫೋಟೋವನ್ನು ನಾನು ಆಗಲೇ ನನ್ನ ಹಳೆಯ ಸಹೋದ್ಯೋಗಿಗಳಿಗೆಲ್ಲ ಕಳಿಸಿಬಿಟ್ಟಿದ್ದೆ. ಒಬ್ಬರು "ಬ್ಲೇಜರ್ ಯಾರದು?" ಅಂತ ಕೇಳಿದರು.

ಸ್ಟುಡಿಯೋಗೆ ಮೆಸೇಜ್ ಮಾಡಿದೆ. ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ.

"ಇದುವರೆಗೂ ಯಾರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ, ನೀವೇ ಮೊದಲು."

"ಬಾಡಿಗೆಗೆ ನೀವೇ ಒಪ್ಪಿದ್ರಲ್ಲ."

"ಕ್ಲಿಪ್ ಎಡಿಟಿಂಗ್‌ನಲ್ಲಿ ತೆಗೀಬಹುದು. ರಿಟಚಿಂಗ್ ಚಾರ್ಜ್ ಬೇರೆ ಆಗುತ್ತೆ."

ತಾವೇ ಹಾಕಿದ ಕ್ಲಿಪ್ ತೆಗೆಯಲು ನಾನು ದುಡ್ಡು ಕೊಡಬೇಕಂತೆ! ನಾನು ಬಿಡದೆ ಕೇಳಿದಾಗ ಕೊನೆಗೆ ಬಂದದ್ದು ಇದು: "ಪ್ರೊಫೈಲ್‌ನಲ್ಲಿ ಹೇಗೂ ಮುಖ ಮಾತ್ರ ಕಾಣುತ್ತೆ, ಬಟ್ಟೆ ಯಾರು ನೋಡ್ತಾರೆ ಮೇಡಂ." ಬಟ್ಟೆ ಯಾರೂ ನೋಡದಿದ್ದರೆ ಬಾಡಿಗೆ ಯಾಕೆ ತಗೊಂಡ್ರಿ ಅಂತ ಕೇಳಿದೆ. ನೀಲಿ ಟಿಕ್ ಬಿತ್ತು. ಉತ್ತರ ಇಲ್ಲ.

ನೀವು ಇಷ್ಟು ಮಾಡಿ. ಹಿನ್ನೆಲೆಯ ಬಣ್ಣ, ಗ್ರೀನ್ ಸ್ಕ್ರೀನ್ ಇದೆಯಾ ಇಲ್ಲವಾ, ಬಾಡಿಗೆ ಬಟ್ಟೆಗೆ, ರಿಟಚಿಂಗ್‌ಗೆ ಬೇರೆ ದುಡ್ಡು ಇದೆಯಾ, ಎಲ್ಲವನ್ನೂ ಅಡ್ವಾನ್ಸ್‌ಗೆ ಮುಂಚೆ ಬರಹದಲ್ಲಿ ಕೇಳಿ ಪಡೆಯಿರಿ. ಅಳತೆಗೆ ಸರಿಯಾಗಿ ಕೂರುವ, ಹೊಳಪಿಲ್ಲದ, ಒಂದೇ ಬಣ್ಣದ ನಿಮ್ಮದೇ ಬಟ್ಟೆ ಒಂದಾದರೂ ಇಸ್ತ್ರಿ ಮಾಡಿ ಇಟ್ಟುಕೊಂಡು ಹೋಗಿ. "ಡಲ್ ಹೊಡೆಯುತ್ತೆ" ಅಂದರೆ, ಮೊದಲು ಅದರಲ್ಲಿ ಒಂದು ಫೋಟೋ ತೆಗೆದು ಸ್ಕ್ರೀನ್ ಮೇಲೆ ತೋರಿಸಿ ಅನ್ನಿ. ಬಟ್ಟೆಯ ಚಿತ್ರ ಕಳಿಸಿದಾಗ "ಎಲ್ಲಾ ಸೂಪರ್, ಎಲ್ಲಾ ತನ್ನಿ" ಅಂದರೋ, ಬೇರೆ ಸ್ಟುಡಿಯೋ ನೋಡಿಕೊಳ್ಳಿ.